ಗಡಿ ದಾಟಿದ ದನಿ: ಗೋವಾ ಸೀಮೆಯ ಸಂಚಾರಿ ದೂರವಾಣಿಯ ಕಥೆ



ಇಂದಿನ ಭಾಷಣವನ್ನು ನಾಲ್ಕು ಅಂಕಿಗಳಿಂದ ಪ್ರಾರಂಭಿಸೋಣ. ಬೆಳಗಾವಿಯ ಎಸ್‌ಟಿಡಿ ಕೋಡ್ 0831. ಹುಬ್ಬಳ್ಳಿಯದು 0836. ಕಾರವಾರದ್ದು 08382. ಗೋವಾದ್ದು ಎಷ್ಟು? 0832. ಅಂದರೆ ಮನೆಯ ಸ್ಥಿರ ದೂರವಾಣಿಯ ಲೆಕ್ಕದಲ್ಲಿ ಗೋವಾ ನಮ್ಮ ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳ ಪಂಕ್ತಿಯಲ್ಲೇ ಕುಳಿತಿದೆ. ಅದೇ ಉತ್ತರದ ಗಡಿಯಾಚೆ ಮಹಾರಾಷ್ಟ್ರದ ಸಾವಂತವಾಡಿಯ ಕೋಡ್ 02363. ಅದು ಬೇರೆಯೇ ಪಂಕ್ತಿ. ಆದರೆ ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಲೆಕ್ಕ ಹೀಗಿಲ್ಲ. ಅಲ್ಲಿ ಗೋವಾ ಮತ್ತು ಮಹಾರಾಷ್ಟ್ರ ಸೇರಿ ಒಂದು ಸರ್ಕಲ್, ಕರ್ನಾಟಕ ಇನ್ನೊಂದು ಸರ್ಕಲ್. 1967ರ ಜನವರಿಯ ಜನಮತ ಗಣನೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನ ಬೇಡವೆಂದು ಮತ ಹಾಕಿದ ಗೋವಾ, ದೂರವಾಣಿ ಲೈಸೆನ್ಸಿನ ನಕ್ಷೆಯಲ್ಲಿ ಮಾತ್ರ ಮಹಾರಾಷ್ಟ್ರದ ಜೊತೆಗೇ ಉಳಿಯಿತು. ಪೋಳೆ–ಮಾಜಾಳಿ ನಾಕೆಯ ಆಚೀಚೆ, ಅನಮೋಡ ಘಟ್ಟದ ಮೇಲೆ ಕೆಳಗೆ, ಚೋರ್ಲಾ–ಕಣಕುಂಬಿಯ ನಡುವೆ ಬದುಕುವವರಿಗೆ ಈ ಒಂದು ಗೆರೆ ಏನೇನು ಮಾಡಿತು, ಆ ಗೆರೆಯ ಮೇಲೆ ಮಾತು ಮತ್ತು ಮಾಹಿತಿ ಹೇಗೆ ಹಂತ ಹಂತವಾಗಿ ಸುಧಾರಿಸಿದವು ಎಂಬುದೇ ಇಂದಿನ ವಿಷಯ.

ಈ ಗಡಿ ಹಿಂದೆ ಇನ್ನೂ ಬಿಗಿಯಾಗಿತ್ತು. 1888ರಲ್ಲಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಬಂದಾಗ ಪೋರ್ಚುಗೀಸರ ಗೋವಾಕ್ಕೂ ಬ್ರಿಟಿಷರ ಮುಂಬಯಿ ಪ್ರಾಂತಕ್ಕೂ ಘಟ್ಟದ ಮೂಲಕ ಸಂಪರ್ಕವಾಯಿತು. 1955ರಲ್ಲಿ ಭಾರತ ಸರ್ಕಾರ ಆರ್ಥಿಕ ದಿಗ್ಬಂಧನ ಹೇರಿದಾಗ ಆ ರೈಲೂ ನಿಂತಿತು; ಆಚೆಯ ನೆಂಟರು ಆಚೆಗೇ, ಈಚೆಯವರು ಈಚೆಗೇ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದ ಮೇಲೆ ದಾರಿ ತೆರೆಯಿತು. ಮುಂದಿನ ದಶಕಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಕನ್ನಡಿಗರು ದುಡಿಮೆ ಹುಡುಕಿಕೊಂಡು ವಾಸ್ಕೊ, ಮಡಗಾಂವ, ಪಣಜಿಗಳಿಗೆ ಬಂದರು. ದಾರಿ ತೆರೆದರೂ ಧ್ವನಿ ತಲುಪುವುದು ಸುಲಭವಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬಾಗಿಲಲ್ಲಿ ಗಂಟೆಗಟ್ಟಲೆ ಕುಳಿತವರು ಈಗಲೂ ನಮ್ಮ ನಡುವೆ ಇದ್ದಾರೆ. ಸಾವು ನೋವಿನ ಸುದ್ದಿಗೆ ತಂತಿಯೇ ಗತಿ. ಆ ತಂತಿ ಸೇವೆಯೂ 2013ರ ಜುಲೈನಲ್ಲಿ ಮುಗಿದುಹೋಯಿತು.

ಬದಲಾವಣೆಯ ಮೊದಲ ಗಂಟೆ ಮೊಳಗಿದ್ದು ನಮಗೆ ಹತ್ತಿರದ ಊರಿನಲ್ಲೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಲೈನಿನ ಒಂದು ಚಿಕ್ಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ತಯಾರಿಸಿತು. ಆ ಮಾದರಿಯ ಮೊದಲ ಎಕ್ಸ್‌ಚೇಂಜ್ ಕೆಲಸ ಶುರುಮಾಡಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಕೋಣೆ ಬೇಡ, ಹಳ್ಳಿಯ ಧೂಳು ಬಿಸಿಲಿಗೆ ಹೆದರುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಅದರ ಹಿಂದೆಯೇ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹೊತ್ತೇರಿದಂತೆ ದರ ಅರ್ಧ, ಮತ್ತೆ ಕಾಲು ಆಗುತ್ತಿದ್ದುದರಿಂದ ಕೆಲಸ ಮುಗಿಸಿದ ಕೂಲಿಯವರು ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ಊರಿನ ಬೂತಿಗೆ ಫೋನು ಮಾಡಿ, "ಅಣ್ಣಾ, ನಮ್ಮ ಅವ್ವನ್ನ ಸ್ವಲ್ಪ ಕರೀರಿ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ" ಎಂದು ಹೇಳಿ ಕಾಯುತ್ತಿದ್ದರು. ಆಗ ದರ ನಿಲ್ಲುತ್ತಿದ್ದುದು ದೂರದ ಮೇಲೆ. ಹತ್ತಿರದ ಊರಿಗೆ ಕಡಿಮೆ, ದೂರದ ಊರಿಗೆ ಹೆಚ್ಚು. ಅದೊಂದು ಎಲ್ಲರಿಗೂ ತಿಳಿಯುವ ನ್ಯಾಯವಾಗಿತ್ತು.

ಈಗ ಸಂಚಾರಿ ದೂರವಾಣಿಗೆ ಬರೋಣ. ಯುರೋಪಿನ ದೇಶಗಳು ಒಟ್ಟುಗೂಡಿ ರೂಪಿಸಿದ ಜಿಎಸ್‌ಎಂ ಎಂಬ ಡಿಜಿಟಲ್ ಪದ್ಧತಿಯಲ್ಲಿ 1991ರ ಜುಲೈ 1ರಂದು ಫಿನ್ಲೆಂಡ್ ದೇಶದಲ್ಲಿ ಮೊದಲ ಕರೆ ನಡೆಯಿತು. ನಮ್ಮ ದೇಶದಲ್ಲಿ 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ನಂತರ, 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಮಹಾನಗರಗಳ ನಂತರ ಉಳಿದ ದೇಶವನ್ನು ಸರ್ಕಲ್‌ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಎರಡು ಖಾಸಗಿ ಕಂಪನಿಗಳಿಗೆ ಪರವಾನಗಿ ಕೊಡಲಾಯಿತು. ಮಹಾರಾಷ್ಟ್ರ–ಗೋವಾ ಸರ್ಕಲ್ ಬಿಪಿಎಲ್ ಹಾಗೂ ಬಿರ್ಲಾ ಎಟಿ ಅಂಡ್ ಟಿ ಕಂಪನಿಗಳ ಪಾಲಾಯಿತು. ಕರ್ನಾಟಕ ಸರ್ಕಲ್ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಕಂಪನಿಗಳಿಗೆ ಸಿಕ್ಕಿತು. ಗಮನಿಸಿ: ಗಡಿಯ ಎರಡೂ ಬದಿಗೆ ಒಂದೇ ಒಂದು ಕಂಪನಿಯೂ ಸಮಾನವಾಗಿ ಇರಲಿಲ್ಲ.

ಈ ಪದ್ಧತಿಯಲ್ಲಿ ಮಾತು ಹೇಗೆ ಸಾಗುತ್ತದೆ? ನಾವು ಆಡುವ ಮಾತನ್ನು ಫೋನು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡೂ 260 ಬಿಟ್‌ಗಳಾಗುತ್ತದೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಗುರುತು. ಹಾಗಾಗಿ ಸೆಕೆಂಡಿಗೆ 13 ಸಾವಿರ ಬಿಟ್ ಮಾತು ಹೊರಡುತ್ತದೆ. ಒಂದೇ ತರಂಗದ ಮೇಲೆ ಎಂಟು ಜನ ಸರದಿಯಂತೆ ಕ್ಷಣಕ್ಷಣಕ್ಕೆ ತಮ್ಮ ತುಂಡುಗಳನ್ನು ಇಡುತ್ತಾರೆ. ಸಂತೆಯಲ್ಲಿ ಎಂಟು ಮಂದಿ ಒಂದೇ ತಕ್ಕಡಿಯನ್ನು ಸರದಿಯಂತೆ ಬಳಸಿದ ಹಾಗೆ. ಸರದಿ ಎಷ್ಟು ಬೇಗ ತಿರುಗುತ್ತದೆಂದರೆ ಯಾರಿಗೂ ಕಾದಂತೆ ಅನ್ನಿಸುವುದಿಲ್ಲ.

ಆದರೆ ತುಂಡುಗಳನ್ನು ಹಾಗೆಯೇ ಕಳಿಸಿದರೆ ದಾರಿಯಲ್ಲಿ ಕೆಡುತ್ತವೆ. ಗುಡ್ಡ, ಕಾಡು, ಕಟ್ಟಡ ಎಲ್ಲವೂ ಅಲೆಯನ್ನು ನುಂಗುತ್ತವೆ, ಚದುರಿಸುತ್ತವೆ. ಅದಕ್ಕೆ ಮಾತಿನ ಬಿಟ್‌ಗಳ ಜೊತೆಗೆ ರಕ್ಷಣೆಯ ಬಿಟ್‌ಗಳನ್ನೂ ಸೇರಿಸುತ್ತಾರೆ. ಬಳೆಗಾರ ಗಾಜಿನ ಬಳೆಗಳ ನಡುವೆ ಹುಲ್ಲು ತುರುಕುತ್ತಾನಲ್ಲ, ಹಾಗೆ. ಜಿಎಸ್‌ಎಂನ ಒಂದು ಸರದಿಯಲ್ಲಿ ಸೆಕೆಂಡಿಗೆ 22,800 ಬಿಟ್‌ಗಳ ಜಾಗವಿದೆ. ಅದರಲ್ಲಿ 13 ಸಾವಿರ ಬಳೆ, ಉಳಿದದ್ದು ಹುಲ್ಲು. ಮೊದಲ ಪೀಳಿಗೆಯ ಈ ಲೆಕ್ಕ ಸ್ಥಿರವಾಗಿತ್ತು. ಟವರಿನ ಬುಡದಲ್ಲಿ ನಿಂತರೂ ಅಷ್ಟೇ, ಗುಡ್ಡದ ಮರೆಯಲ್ಲಿ ನಿಂತರೂ ಅಷ್ಟೇ. ಆದ್ದರಿಂದಲೇ ಸಿಗ್ನಲ್ ಕುಂದಿದೊಡನೆ ಮಾತು ಕೊಳವೆಯೊಳಗಿಂದ ಬಂದಂತೆ ಕೇಳಿ, ಮುರಿದು, ಕೊನೆಗೆ ಕಡಿದೇ ಹೋಗುತ್ತಿತ್ತು.

ಇಂಜಿನಿಯರರು ಮಾಡಿದ ಮೊದಲ ಸುಧಾರಣೆ ಮಾತನ್ನು ಹೆಣೆಯುವ ಕ್ರಮವನ್ನೇ ಉತ್ತಮಪಡಿಸಿದ್ದು. 12,200 ಬಿಟ್‌ನಲ್ಲೇ ಮೊದಲಿಗಿಂತ ಸಹಜವಾದ ಧ್ವನಿ ಬರತೊಡಗಿತು. ಎರಡನೆಯದು ಇನ್ನೂ ಜಾಣತನದ್ದು. ಸಿಗ್ನಲ್ ಚೆನ್ನಾಗಿದ್ದರೆ ಬಳೆ ಹೆಚ್ಚು ಹುಲ್ಲು ಕಡಿಮೆ. ಸಿಗ್ನಲ್ ಕೆಟ್ಟರೆ ಬಳೆಯನ್ನು 4,750 ಬಿಟ್‌ವರೆಗೆ ಇಳಿಸಿ ಉಳಿದ ಜಾಗಕ್ಕೆಲ್ಲ ಹುಲ್ಲು ತುಂಬುವುದು. ಎಎಂಆರ್ ಎಂದು ಕರೆಯುವ ಈ ವಿಧಾನದಲ್ಲಿ ಎಂಟು ಮೆಟ್ಟಿಲುಗಳಿವೆ. ಕರೆ ನಡೆಯುತ್ತಿರುವಾಗಲೇ ಫೋನೂ ಟವರೂ ಮಾತಾಡಿಕೊಂಡು ಮೆಟ್ಟಿಲು ಬದಲಿಸುತ್ತವೆ. ಧ್ವನಿ ಸ್ವಲ್ಪ ಒಣಗುತ್ತದೆ, ಆದರೆ ಕರೆ ಕಡಿಯುವುದಿಲ್ಲ. ಮೂರನೆಯದು, ಮಾತು ಸಾಗುವ ತರಂಗವನ್ನು ಕ್ಷಣಕ್ಷಣಕ್ಕೂ ಬದಲಾಯಿಸುವುದು. ಒಂದು ತರಂಗಕ್ಕೆ ಎಲ್ಲೋ ಅಡ್ಡಿಯಿದ್ದರೂ ಮಾತಿನ ಒಂದೆರಡು ತುಂಡು ಮಾತ್ರ ಕೆಡುತ್ತವೆ. ಹುಲ್ಲಿನ ಬಲದಿಂದ ಅವನ್ನೂ ಸರಿಪಡಿಸಬಹುದು. ಘಟ್ಟದ ಸೀಮೆಯವರಿಗೆ ಹೊಸ ಟವರಿನಷ್ಟೇ ಉಪಕಾರ ಮಾಡಿದ್ದು ಈ ಕಾಣದ ಸುಧಾರಣೆಗಳು.

ಕರಾವಳಿಯವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಗುಡ್ಡದಲ್ಲಿ ಅಲೆ ಬೇಗ ಸೋಲುತ್ತದೆ, ಸಮುದ್ರದ ಮೇಲೆ ಅಡ್ಡಿಯಿಲ್ಲದೆ ಬಹುದೂರ ಓಡುತ್ತದೆ. ಆದರೂ ಹಳೆಯ ಜಿಎಸ್‌ಎಂ ಫೋನು ಸಾಮಾನ್ಯ ಟವರಿನಿಂದ ಸುಮಾರು 35 ಕಿಲೋಮೀಟರ್ ಆಚೆ ಕೆಲಸ ಮಾಡದು. ಅಲೆ ಹೋಗಿ ಬರುವ ಹೊತ್ತು ಹೆಚ್ಚಾಗಿ, ಫೋನಿನ ತುಂಡು ತನ್ನ ಸರದಿ ತಪ್ಪಿ ಪಕ್ಕದವನ ಸರದಿಯಲ್ಲಿ ಬೀಳುತ್ತದೆಂಬುದೇ ಕಾರಣ. ಪರದೆಯ ಮೇಲೆ ಕಡ್ಡಿ ಕಾಣುತ್ತಿದ್ದರೂ ದೋಣಿಯವರಿಗೆ ಕರೆ ಹತ್ತದಿರುವುದಕ್ಕೆ ಇದೂ ಒಂದು ಕಾರಣವಾಗಿತ್ತು.

ಇನ್ನು ಗಡಿಯ ಮಾತು. ಪ್ರತಿ ನೆಟ್‌ವರ್ಕಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಭಾರತದಲ್ಲಿ ಒಂದೇ ಕಂಪನಿಗೂ ಸರ್ಕಲ್ ಬದಲಾದರೆ ಸಂಖ್ಯೆ ಬದಲಾಗುತ್ತದೆ. 2000ದ ಅಕ್ಟೋಬರ್ 1ರಂದು ಹುಟ್ಟಿ, 2002ರ ಅಕ್ಟೋಬರಿನಲ್ಲಿ ಮೊಬೈಲ್ ಸೇವೆಗೆ ಇಳಿದ ಬಿಎಸ್‌ಎನ್‌ಎಲ್ ಗಡಿಯ ಎರಡೂ ಕಡೆ ಇದ್ದ ಸರ್ಕಾರಿ ಕಂಪನಿ. ಆದರೂ ಮಹಾರಾಷ್ಟ್ರ–ಗೋವಾದಲ್ಲಿ ಅದರ ಗುರುತು 404-66, ಕರ್ನಾಟಕದಲ್ಲಿ 404-71. ಸಿಮ್ ಕಾರ್ಡಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ಮನೆ. ಗೋವಾದ ಸಿಮ್ ಹಾಕಿಕೊಂಡು ಪೋಳೆಯಲ್ಲಿ ಮನೆಯ ಜಗಲಿ ಮೇಲೆ ಕುಳಿತವರ ಫೋನು, ತನ್ನ ಟವರಿನ ಅಲೆ ಕುಂದಿದೊಡನೆ ಮಾಜಾಳಿ ಕಡೆಯ ಟವರನ್ನು ಹಿಡಿಯುತ್ತಿತ್ತು. ಕುಳಿತವರು ಕದಲಿಲ್ಲ, ಆದರೆ ಫೋನು ಪರದೇಶಕ್ಕೆ ಹೋಗಿ ಆಗಿತ್ತು. ತನ್ನ ಮನೆಯ ನೆಟ್‌ವರ್ಕ್ ಮತ್ತೆ ಸಿಗುತ್ತದೆಯೇ ಎಂದು ಅದು ಆಗಾಗ ಹುಡುಕುತ್ತದೆ ನಿಜ. ಹುಡುಕುವ ನಡುವಿನ ಹೊತ್ತಿನಲ್ಲಿ ಬಂದ ಕರೆಗೆಲ್ಲ ರೋಮಿಂಗ್ ದರ.

ದರದ ಹಿಂದಿನ ಕಾರಣವೂ ತಿಳಿಯತಕ್ಕದ್ದು. ಗೋವಾದ ಸಿಮ್ ಇರುವವರು ಕಾರವಾರಕ್ಕೆ ಬಂದಿದ್ದಾರೆಂದುಕೊಳ್ಳಿ. ಕಾರವಾರದಲ್ಲೇ ಇರುವ ಅಳಿಯ ಅವರಿಗೆ ಫೋನು ಮಾಡುತ್ತಾನೆ. ಕರೆ ಮೊದಲು ಸಿಮ್ಮಿನ ತವರಾದ ಮಹಾರಾಷ್ಟ್ರ–ಗೋವಾ ಸರ್ಕಲ್ಲಿಗೆ ಹೋಗಿ, ಅಲ್ಲಿ "ಇವರು ಈಗ ಎಲ್ಲಿದ್ದಾರೆ" ಎಂದು ಕೇಳಿ, ಮತ್ತೆ ಕಾರವಾರಕ್ಕೆ ಮರಳುತ್ತದೆ. ಪಕ್ಕದ ಓಣಿಯ ಮಾತಿಗೆ ಎರಡು ಸಲ ದೂರದ ಪ್ರಯಾಣ. ಅಳಿಯನಿಗೆ ಎಸ್‌ಟಿಡಿ ದರ, ಮಾವನಿಗೆ ಒಳಬರುವ ಕರೆಯ ರೋಮಿಂಗ್ ದರ. ದೂರದ ಮೇಲೆ ನಿಂತಿದ್ದ ಹಳೆಯ ನ್ಯಾಯ ಇಲ್ಲಿ ತಲೆಕೆಳಗಾಯಿತು. ಕಾಣಕೋಣದಿಂದ ನಾಗಪುರ ತನ್ನ ಸರ್ಕಲ್, ಎದುರಿಗೆ ಕಾಣುವ ಮಾಜಾಳಿ ಪರ ಸರ್ಕಲ್! ಹೀಗಾಗಿಯೇ ಗಡಿಯವರು ಎರಡೆರಡು ಸಿಮ್ ಇಟ್ಟುಕೊಂಡರು. ಮಿಸ್ಡ್ ಕಾಲ್ ಎಂಬ ಮೂಕ ಭಾಷೆಯೂ ಬೆಳೆಯಿತು: ಒಂದು ಗಂಟೆ ಹೊಡೆದರೆ ಊರು ಮುಟ್ಟಿದೆ, ಎರಡು ಹೊಡೆದರೆ ತಿರುಗಿ ಫೋನು ಮಾಡು.

ಈ ಗೋಡೆ ಒಂದೇ ದಿನ ಬೀಳಲಿಲ್ಲ, ಕಲ್ಲು ಕಲ್ಲಾಗಿ ಉದುರಿತು. 1999ರ ಹೊಸ ದೂರಸಂಪರ್ಕ ನೀತಿ ಕಂಪನಿಗಳ ಭಾರೀ ಲೈಸೆನ್ಸ್ ಶುಲ್ಕದ ಬದಲು ಆದಾಯದ ಪಾಲು ತೆಗೆದುಕೊಳ್ಳುವ ಕ್ರಮ ತಂದಿತು; ದರ ಇಳಿಯಲು ಹಾದಿಯಾಯಿತು. 2003ರ ಮೇ 1ರಿಂದ ಸ್ವಂತ ಸರ್ಕಲ್ಲಿನಲ್ಲಿ ಒಳಬರುವ ಕರೆ ಉಚಿತವಾಯಿತು. ಅಲ್ಲಿಯವರೆಗೆ ಫೋನು ಎತ್ತಿದವರೂ ಹಣ ತೆರಬೇಕಿತ್ತೆಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ 'ಒನ್ ಇಂಡಿಯಾ' ಯೋಜನೆ ತಂದಿತು. ರೋಮಿಂಗ್‌ನಲ್ಲಿ ಒಳಬರುವ ಕರೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲಿ ನಿಮಿಷಕ್ಕೆ 1 ರೂಪಾಯಿ 75 ಪೈಸೆಯ ಮಿತಿ ಹಾಕಿತು. 2013ರಲ್ಲಿ ಅದು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. 2015ರ ಜೂನಿನಲ್ಲಿ ಬಿಎಸ್‌ಎನ್‌ಎಲ್ ಅದನ್ನೂ ತೆಗೆದುಹಾಕಿತು. ಅದೇ ವರ್ಷದ ಜುಲೈ 3ರಿಂದ, ಒಂದು ಸರ್ಕಲ್ಲಿನ ನಂಬರನ್ನು ಇನ್ನೊಂದು ಸರ್ಕಲ್ಲಿಗೂ ಒಯ್ಯುವ ಸೌಕರ್ಯ ಬಂತು. ಬೈನಾದಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದವರು ಹಳೆಯ ನಂಬರನ್ನು ಕೈಬಿಡಬೇಕಾದ ಪ್ರಮೇಯ ತಪ್ಪಿತು.

ಮಾತಿನ ಕಥೆ ಹೀಗಾದರೆ ಮಾಹಿತಿಯ ಕಥೆ ಎಸ್‌ಎಂಎಸ್‌ನಿಂದ ಶುರುವಾಗುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ? ಕೇವಲ 70. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ನಮ್ಮ ಲಿಪಿಗಳಿಗೆ ಹದಿನಾರು ಬಿಟ್ ಬೇಕು. ಅದರ ಮೇಲೆ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಎಣಿಕೆ. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಆರು ಮನೆ ಖರ್ಚು. ಇಲ್ಲಿ ಒಂದು ವಿಚಿತ್ರವಾಯಿತು. ಕೊಂಕಣಿಯನ್ನು ರೋಮಿ ಲಿಪಿಯಲ್ಲಿ ಬರೆಯುವವರಿಗೆ 160ರ ಪೂರ್ತಿ ಲಾಭ. ಅದೇ ಕೊಂಕಣಿಯನ್ನು ದೇವನಾಗರಿಯಲ್ಲೋ ಕನ್ನಡ ಲಿಪಿಯಲ್ಲೋ ಬರೆದರೆ 70. ಜೊತೆಗೆ ಅನೇಕ ಫೋನುಗಳಲ್ಲಿ ಕನ್ನಡ ಅಕ್ಷರವೇ ಇಲ್ಲದೆ ಸಾಲುಸಾಲು ಚೌಕಗಳು ಮಾತ್ರ ಕಾಣುತ್ತಿದ್ದವು. ನಮ್ಮ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಮಾಡಿಕೊಂಡದ್ದರ ಹಿಂದೆ ಈ ಲೆಕ್ಕವಿದೆ. ಅಕ್ಷರ ಬಾರದ ತಾಯಂದಿರಿಗಂತೂ ಎಸ್‌ಎಂಎಸ್ ಯಾವ ಭಾಷೆಯಲ್ಲಿದ್ದರೂ ಒಂದೇ.

ಮುಂದೆ ಅಂತರಜಾಲ ಫೋನಿಗೆ ಬಂತು. ಮೊದಲು ಅದಕ್ಕೂ ಮಾತಿನಂತೆಯೇ ಇಡೀ ಒಂದು ಸರದಿಯನ್ನು ಕಟ್ಟಿಡಬೇಕಾಗಿತ್ತು. ವೇಗ ಸೆಕೆಂಡಿಗೆ 9,600 ಬಿಟ್, ಶುಲ್ಕ ನಿಮಿಷದ ಲೆಕ್ಕ. ಜಿಪಿಆರ್‌ಎಸ್ ಬಂದಾಗ ಮಾಹಿತಿಯನ್ನು ಪೊಟ್ಟಣ ಕಟ್ಟಿ, ಖಾಲಿಯಿದ್ದ ಸರದಿಗಳಲ್ಲಿ ಕಳಿಸುವ ಕ್ರಮ ಬಂತು. ಎಡ್ಜ್ ಎಂಬ ಪದ್ಧತಿ ತರಂಗದ ಒಂದೊಂದು ಬಡಿತದಲ್ಲಿ ಒಂದರ ಬದಲು ಮೂರು ಬಿಟ್ ಹೊರಿಸಿತು. 2010ರ ಹರಾಜಿನ ನಂತರ 3ಜಿ ಹರಡಿತು. ಆದರೆ ಅದರ 2100 ಮೆಗಾಹರ್ಟ್ಸ್ ಅಲೆ, ಹಳೆಯ 900ರ ಅಲೆಯಷ್ಟು ದೂರ ಹೋಗದು, ಗೋಡೆ ಮರಗಳನ್ನು ಅಷ್ಟು ಸುಲಭವಾಗಿ ದಾಟದು. ಪಟ್ಟಣಗಳಲ್ಲಿ ವಿಡಿಯೋ ಓಡುತ್ತಿದ್ದಾಗ ಘಟ್ಟದ ಊರುಗಳು ಎಡ್ಜ್‌ನಲ್ಲೇ ಉಳಿದದ್ದಕ್ಕೆ ಭೌತಶಾಸ್ತ್ರವೂ ಒಂದು ಕಾರಣ.

2016ರ ಸೆಪ್ಟೆಂಬರ್ 5ರಂದು ಜಿಯೋ ಕಂಪನಿ 4ಜಿ ಸೇವೆ ಆರಂಭಿಸಿದಾಗ ಮಾತಿಗೂ ಮಾಹಿತಿಗೂ ಇದ್ದ ಭೇದವೇ ಅಳಿಯತೊಡಗಿತು. ವೋಲ್ಟ್ ಎಂಬ ಈ ಪದ್ಧತಿಯಲ್ಲಿ ಮಾತೂ ಪೊಟ್ಟಣವಾಗಿಯೇ ಹೋಗುತ್ತದೆ. ಹಳೆಯ ಫೋನು 300ರಿಂದ 3400 ಹರ್ಟ್ಸ್ ನಡುವಿನ ಧ್ವನಿಯನ್ನಷ್ಟೇ ಒಯ್ಯುತ್ತಿತ್ತು. 'ಸ', 'ಶ', 'ಫ'ಗಳ ಸದ್ದಿನ ಮುಖ್ಯ ಭಾಗ ಅದಕ್ಕೂ ಮೇಲಿದೆ. ಹಾಗಾಗಿಯೇ 'ಸರ' ಎಂದರೆ 'ಶರ' ಎಂದು ಕೇಳಿಸಿ, "ಸಕ್ಕರೆಯ ಸ" ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಹೊಸ ವಿಧಾನ 7000 ಹರ್ಟ್ಸ್‌ವರೆಗೆ ಒಯ್ಯುತ್ತದೆ. ಅದಕ್ಕೆ ಬಳಸುವುದು 12,650 ಬಿಟ್, ಹಳೆಯದಕ್ಕಿಂತ ಹೆಚ್ಚೇನಲ್ಲ. ಹೆಣೆಯುವ ಜಾಣ್ಮೆ ಬೆಳೆದಿದೆ, ಅಷ್ಟೇ. ಧ್ವನಿ ಸಂದೇಶ ಕಳಿಸುವ ಸೌಕರ್ಯ ಬಂದ ಮೇಲೆ ಲಿಪಿಯ ತೊಡಕೂ ಸಡಿಲಾಯಿತು: ಯಾವ ಭಾಷೆಯಲ್ಲಿ ಬೇಕೋ ಅದರಲ್ಲಿ ಮಾತಾಡಿ ಕಳಿಸಿದರಾಯಿತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಯೂ ಬಂತು.

ಇಷ್ಟೆಲ್ಲ ಆದಮೇಲೂ ಗಡಿಯ ಊರುಗಳಲ್ಲಿ ಕಡ್ಡಿ ಏಕೆ ಕಾಣುವುದಿಲ್ಲ? 2020ರಲ್ಲಿ ಶಾಲೆ ಮುಚ್ಚಿ ಪಾಠಗಳು ಫೋನಿಗೆ ಬಂದಾಗ ಸಾಂಗೆ ತಾಲೂಕಿನ ಕಾಡಂಚಿನ ಊರುಗಳ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಉತ್ತರ ಕನ್ನಡದ ಘಟ್ಟದ ಊರುಗಳಲ್ಲೂ ಅದೇ ಪಾಡು. ಕಾರಣಗಳು ಹಲವು. ಗೋವಾ ಬದಿಗೆ ಮ್ಹಾದೇಯಿ, ಮೊಲ್ಲೆಂ, ನೇತ್ರಾವಳಿ, ಕೋಟಿಗಾಂವ ಅಭಯಾರಣ್ಯಗಳು. ಕರ್ನಾಟಕದ ಬದಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಟವರಿಗೆ, ಕೇಬಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗೋವಾದ ಹಲವು ಗ್ರಾಮಸಭೆಗಳಲ್ಲಿ ವಿಕಿರಣದ ಅಂಜಿಕೆಯಿಂದ ಟವರಿಗೆ ವಿರೋಧವೂ ಬಂದಿದೆ. 2012ರ ಸೆಪ್ಟೆಂಬರಿನಿಂದ ನಮ್ಮ ದೇಶದ ವಿಕಿರಣ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿನಷ್ಟೇ ಇದೆ ಎಂಬ ಸಂಗತಿ ಆ ಚರ್ಚೆಗಳಲ್ಲಿ ಇರಬೇಕು. ಇನ್ನು ಮನೆ ಕಡಿಮೆ ಇರುವಲ್ಲಿ ಕಂಪನಿಗೆ ಲಾಭವೂ ಕಡಿಮೆ.

ಆದರೆ ಕಡಿಮೆ ಜನ ಗಮನಿಸಿದ ಒಂದು ಕಾರಣ ಲೆಕ್ಕದಲ್ಲಿತ್ತು. ಸೇವೆಯ ಗುಣಮಟ್ಟಕ್ಕೆ ಟ್ರಾಯ್ 2009ರಲ್ಲಿ ಮಾಡಿದ ನಿಯಮದಂತೆ ಕಡಿದುಹೋಗುವ ಕರೆಗಳು ನೂರಕ್ಕೆ ಎರಡನ್ನು ಮೀರಬಾರದಿತ್ತು. ಈ ಎರಡು ಎಲ್ಲಿಯ ಎರಡು? 2017ರವರೆಗೆ ಅದು ಇಡೀ ಸರ್ಕಲ್ಲಿನ ಸರಾಸರಿಯಾಗಿತ್ತು. ಪುಣೆ, ನಾಗಪುರ, ನಾಸಿಕದ ಲಕ್ಷಾಂತರ ಒಳ್ಳೆಯ ಕರೆಗಳ ನಡುವೆ ಗೋವಾದ ಒಂದು ಗಡಿ ಊರಿನ ಕಡಿದ ಕರೆಗಳು ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದ ಹಾಗಿದ್ದವು. ಈಚೆ ಬದಿಯಲ್ಲೂ ಅಷ್ಟೇ: ಬೆಂಗಳೂರಿನ ಲೆಕ್ಕದಲ್ಲಿ ಜೋಯಿಡಾ ಕರಗಿ ಹೋಗುತ್ತಿತ್ತು. ಕಾಗದದ ಮೇಲೆ ಸೇವೆ ಪಾಸು, ಊರಲ್ಲಿ ಮೌನ. ಕಡಿದ ಕರೆಗೆ ಒಂದು ರೂಪಾಯಿ ಪರಿಹಾರ ಕೊಡಬೇಕೆಂದು 2015ರಲ್ಲಿ ಟ್ರಾಯ್ ಮಾಡಿದ ನಿಯಮವನ್ನೂ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು.

ಹಾಗೆಂದು ನಿರಾಶೆಗೆ ಕಾರಣವಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟ, ಸೇವೆ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಕೆಲಸ ಬಿಎಸ್‌ಎನ್‌ಎಲ್‌ಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಕೇಂದ್ರಭಾಗವನ್ನು ತಯಾರಿಸಿದ್ದು, ಹಿಂದೆ ಕಿತ್ತೂರಿಗೆ ಎಕ್ಸ್‌ಚೇಂಜ್ ಕೊಟ್ಟ ಅದೇ ಸಿ-ಡಾಟ್ ಸಂಸ್ಥೆ. ಮತ್ತು 2024ರಲ್ಲಿ ಟ್ರಾಯ್ ತಂದ ಹೊಸ ನಿಯಮದಂತೆ, ಯಾವ ಊರಿನಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿಯೂ ಸಾರ್ವಜನಿಕವಾಗಿ ಪ್ರಕಟಿಸಬೇಕು.

ಬಂಧುಗಳೇ, ಈ ಕೊನೆಯ ಸಂಗತಿಯೇ ನಮಗೆ ಹೆಚ್ಚು ಉಪಯೋಗದ್ದು. ಸರಾಸರಿಯಲ್ಲಿ ಮುಳುಗಿದ ಊರು ನಕ್ಷೆಯಲ್ಲಿ ಮೇಲೆ ಬರುತ್ತದೆ. ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಕರೆದು, ನಿಮ್ಮ ವಾಡೆಯ ಮೇಲೆ ಕಂಪನಿಯವರು ಯಾವ ಬಣ್ಣ ಬಳಿದಿದ್ದಾರೆಂದು ತೋರಿಸಲು ಹೇಳಿ. ಸಿಗ್ನಲ್ ಇದೆಯೆಂದು ಬಣ್ಣ ಬಳಿದ ಕಡೆ ನಿಮ್ಮ ಫೋನು ಸತ್ತಿದ್ದರೆ, ದಿನ, ಹೊತ್ತು, ಜಾಗವನ್ನು ಬರೆದಿಟ್ಟು ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಪಡೆಯಿರಿ, ಪಂಚಾಯತಿಯ ಗ್ರಾಮಸಭೆಯಲ್ಲಿ ಓದಿ ಹೇಳಿ. ದೂರನ್ನು ಕನ್ನಡದಲ್ಲಿ ಬರೆದರೂ ಸರಿ, ಕೊಂಕಣಿಯಲ್ಲಿ ಬರೆದರೂ ಸರಿ. ಪೋಳೆಯವರೂ ಮಾಜಾಳಿಯವರೂ ಕೂಡಿ ಬರೆದರೆ ಎರಡು ಸರ್ಕಲ್ಲಿನ ಕಚೇರಿಗಳಿಗೂ ಒಂದೇ ಹೊತ್ತಿಗೆ ಮುಟ್ಟೀತು.